ಯಾನಿಸ್ ಎಂದರೆ ದೇವರ ದಯೆಯಂತೆ

ಆ ಮನುಷ್ಯನನ್ನು 'ಅವರು' ಎಂದು ಬರೆಯಲು ನನಗೆ ಈಗಲೂ ಮನಸ್ಸು ಬರುವುದಿಲ್ಲ. ನಮ್ಮ ಅತ್ತೆಗಿಂತ ನಾಲ್ಕಾರು ವರ್ಷ ದೊಡ್ಡವನು, ತಲೆ ಪೂರ್ತಿ ಬೆಳ್ಳಗಾಗಿತ್ತು, ಮೇಲಾಗಿ ನಾವಿದ್ದ ಮನೆಯ ಮಾಲೀಕ. ಬಹುವಚನಕ್ಕೆ ಬೇಕಾದ ಅರ್ಹತೆಯೆಲ್ಲ ಇತ್ತು. ಆದರೆ ಅವನ ಪಕ್ಕದಲ್ಲಿ ಬಾಳುವೆ ಮಾಡಿದ ಮೊದಲ ವರ್ಷ ಅವನು ನಮ್ಮನ್ನು ಹುರಿದು ಮುಕ್ಕಿದ್ದನ್ನು ನೆನೆದರೆ ಬಾಯಿಗೆ ಏಕವಚನವೇ ಬರುತ್ತದೆ. ಬಂದದ್ದನ್ನು ಬರೆಯುತ್ತೇನೆ.

ಎಂಬತ್ತರ ದಶಕದ ಮಾತು. ಸನ್ನಿವೇಲ್‌ನಲ್ಲಿ ನಮ್ಮದು ಒಂದೇ ಸೂರಿನ ಕೆಳಗೆ ಎರಡು ಪಾಲಾಗಿದ್ದ ಮನೆ. ಒಂದು ಪಾಲಿನಲ್ಲಿ ಅವನು ಒಬ್ಬನೇ ಇದ್ದ, ಹೆಂಡತಿ ತೀರಿಕೊಂಡಿದ್ದಳು. ಇನ್ನೊಂದು ಪಾಲಿನಲ್ಲಿ ಬಾಡಿಗೆಗೆ ನಾನು, ನಮ್ಮವರು, ಕಿಂಡರ್‌ಗಾರ್ಟನ್ನಿಗೆ ಹೋಗುತ್ತಿದ್ದ ಮಗ, ಮತ್ತು ಮೈಸೂರಿನಿಂದ ಬಂದ ಅತ್ತೆ. ನಡುವೆ ಒಂದು ಗೋಡೆ, ಹಿತ್ತಲಲ್ಲಿ ಒಂದು ಮರದ ಬೇಲಿ. ಆ ಗೋಡೆ ಎಷ್ಟು ತೆಳುವೆಂದರೆ ಅವನು ಕೆಮ್ಮಿದರೆ ನಮ್ಮ ಪಾತ್ರೆಗಳಿಗೆ ಗೊತ್ತಾಗುತ್ತಿತ್ತು.

ಆ ಮನೆ ನಮಗೆ ಯಾಕೆ ಬೇಕಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ನಾನು ಒಂದು ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಮೈತುಂಬ ಬಿಳಿ ಗವಸು ತೊಟ್ಟು, ಕಣ್ಣು ಮಾತ್ರ ಬಿಟ್ಟುಕೊಂಡು ಒಳಗೆ ಹೋದರೆ ಮತ್ತೆ ಹೊರಗೆ ಬರುವುದು ಶಿಫ್ಟು ಮುಗಿದ ಮೇಲೆಯೇ. ನಮ್ಮವರ ಆಫೀಸು ಸ್ಯಾನ್ ಹೊಸೆಯಲ್ಲಿ. ಮಗನನ್ನು ನೋಡಿಕೊಳ್ಳಲೆಂದು, ಮಾವ ಹೋದ ಮೇಲೆ ಅತ್ತೆ ಬಂದರು. ಮೊದಲು ನಾವಿದ್ದದ್ದು ಮಹಡಿಯ ಮೇಲಿನ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ಅತ್ತೆ ಊಟ ಬಿಟ್ಟರು, ಮಾತು ಬಿಟ್ಟರು. ಕಡೆಗೆ, "ಮಣ್ಣು ಮುಟ್ಟದೆ ನಂಗಿರಕ್ಕಾಗಲ್ಲ ಕಣಮ್ಮ, ಟಿಕೀಟು ಮಾಡ್ಸಿಬಿಡು" ಅಂದರು. ಆಗ ಊರೆಲ್ಲ ಹುಡುಕಿ ಹಿಡಿದದ್ದು ಈ ಮನೆಯನ್ನು. ಹಿತ್ತಲಿತ್ತು, ಮಣ್ಣು ಕಪ್ಪಗಿತ್ತು, ಹಿಂದೆ ಅಲ್ಲೆಲ್ಲ ಆಪ್ರಿಕಾಟ್ ತೋಟಗಳಿದ್ದವಂತೆ. ಶಾಲೆ ಅದೇ ಬೀದಿಯ ಕೊನೆಗೆ. ಕಾರು ಓಡಿಸಲು ಬಾರದ ಅತ್ತೆ ಮೊಮ್ಮಗನ ಕೈ ಹಿಡಿದು ನಡೆದೇ ಬಿಟ್ಟುಬರಬಹುದಿತ್ತು. ಆ ಮನೆ ಹೋದರೆ ಅತ್ತೆ ಹೋಗುತ್ತಾರೆ, ಅತ್ತೆ ಹೋದರೆ ನನ್ನ ಕೆಲಸ ಹೋಗುತ್ತದೆ. ಇಷ್ಟೇ ವಿಷಯ.

ಮನೆ ನೋಡಲು ಹೋದ ದಿನವೇ ಹೆಸರಿನ ಜಗಳ ಶುರುವಾಯಿತು. ನಮ್ಮವರು ಅಂಚೆ ಡಬ್ಬಿಯ ಮೇಲಿದ್ದ ಹೆಸರನ್ನು ಓದಿ, ಇಲ್ಲಿಯವರೆಲ್ಲ ಓದುವ ಹಾಗೆ 'ಜಾನಿಸ್' ಎಂದು ಕರೆದು ಕೈ ಚಾಚಿದರು. ಅವನು ಕೈ ಕೊಡಲಿಲ್ಲ. ಕಣ್ಣು ಮುಚ್ಚಿಕೊಂಡು, ಯಾನಿಸ್, ಎಂದ. ಮೊದಲ ಅಕ್ಷರ ದೀರ್ಘ, ಅದಕ್ಕೇ ಒತ್ತು. ನಮ್ಮವರು ಹೇಳಿದರು. ಸರಿಯಾಗಲಿಲ್ಲವೆಂದು ಮತ್ತೆ ಹೇಳಿಸಿದ. ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ನಮ್ಮವರು ಮತ್ತೆ ಹೇಳಿದರು. ಆಮೇಲೆ ಅವನ ದೂರು ಶುರುವಾಯಿತು. ಜಾನಿಸ್ ಎಂದರೆ ಈ ದೇಶದಲ್ಲಿ ಹೆಂಗಸಿನ ಹೆಸರಂತೆ. ಅವನಿಗೆ ಬರುವ ಪತ್ರಗಳ ಮೇಲೆ 'ಮಿಸ್' ಎಂದಿರುತ್ತದಂತೆ. ಡಾಕ್ಟರ ಆಫೀಸಿನಲ್ಲಿ ಹುಡುಗಿ ಬಂದು ಜಾನಿಸ್ ಎಂದು ಕೂಗಿದರೆ ಅವನು ಏಳುವುದಿಲ್ಲವಂತೆ. ಒಂದು ಸಲ ಮಧ್ಯಾಹ್ನದವರೆಗೆ ಕೂತು, ಏಳದೆ, ತೋರಿಸಿಕೊಳ್ಳದೆ ನೋವು ಹೊತ್ತುಕೊಂಡೇ ವಾಪಸು ಬಂದನಂತೆ. ಇದನ್ನು ಅವನು ಹೆಮ್ಮೆಯಿಂದ ಹೇಳಿದ.

ನಮ್ಮವರು ಸಭ್ಯತೆಗೆ, ಆ ಹೆಸರಿಗೆ ಅರ್ಥವೇನು ಎಂದು ಕೇಳಿದರು. ಕೇಳಬಾರದಿತ್ತು. ಅಂಗಳದಲ್ಲಿ ನಿಲ್ಲಿಸಿಕೊಂಡು ಹರಿಕಥೆಯನ್ನೇ ಮಾಡಿದ. ಪಾದ್ರಿಗಳು ಹೇಳುವ ಪ್ರಕಾರ ಅದು ಬೈಬಲ್ಲಿನ ಯೋಹಾನನ ಹೆಸರು, ಮೂಲ ಹೀಬ್ರೂ, 'ದೇವರು ದಯಾಮಯ' ಎಂದು ಅರ್ಥ. ಜರ್ಮನ್ ಪಾದ್ರಿಗಳ ಜೊತೆ ಯೊಹಾನೆಸ್ ಎಂದಾಗಿ ಅವನ ನಾಡಾದ ಲಾತ್ವಿಯಕ್ಕೆ ಬಂದು, ರೈತರ ಬಾಯಲ್ಲಿ ಸವೆದು ಯಾನಿಸ್ ಆಯಿತು. ಇನ್ನು ಕೆಲವು ಪಂಡಿತರು ಅದು ರೋಮನ್ನರ ಬಾಗಿಲ ದೇವರಿಂದ ಬಂತು ಅನ್ನುತ್ತಾರಂತೆ. ಅವರ ವಿಷಯ ಹೇಳುವಾಗ ಅವನು ನೆಲಕ್ಕೆ ಉಗಿದ. ಅವನ ಅಜ್ಜಿ ಇದ್ಯಾವುದನ್ನೂ ಒಪ್ಪುತ್ತಿರಲಿಲ್ಲವಂತೆ. ಪಾದ್ರಿಗಳು ದೋಣಿ ಹತ್ತುವುದಕ್ಕೂ ಮುಂಚೆಯೇ ಯಾನಿಸ್ ನಮ್ಮಲ್ಲಿದ್ದ, ಅವನು ದೇವರ ಮಗ, ವರ್ಷದಲ್ಲಿ ಹಗಲು ಅತಿ ಉದ್ದವಾಗಿರುವ ಹೊತ್ತಿಗೆ ಗುಡ್ಡ ಹತ್ತಿ ಬರುತ್ತಾನೆ, ಅವನಿಗಾಗಿ ಗೇಟು ತೆರೆದಿಡಬೇಕು ಅನ್ನುತ್ತಿದ್ದಳಂತೆ. ಅಜ್ಜನ ಹೆಸರೂ ಯಾನಿಸ್. ಅಜ್ಜನದನ್ನೇ ಮೊಮ್ಮಗನಿಗೆ ಇಟ್ಟರು. ಅಜ್ಜಿ ಇಬ್ಬರನ್ನೂ ದಿನವಿಡೀ ಅದೇ ಹೆಸರಿನಿಂದ ಕೂಗುತ್ತಿದ್ದಳು, ಯಾವನು ಮೊದಲು ಸಿಕ್ಕಿದರೆ ಅವನಿಗೆ ಕೆಲಸ ಹಚ್ಚುತ್ತಿದ್ದಳು ಎಂದ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಮ್ಮವರು, ಹಾಗಾದರೆ ಇದು ರಷ್ಯದ ಕಡೆಯ ಹೆಸರು ಅನ್ನಿ, ಎಂದುಬಿಟ್ಟರು. ಅವರ ತಪ್ಪೇನಿಲ್ಲ. ಆಗ ನಮ್ಮ ಮನೆಯ ಭೂಪಟದಲ್ಲಿ ಅವನ ದೇಶವೇ ಇರಲಿಲ್ಲ, ಇಡೀ ಆ ಕಡೆಗೆ ಒಂದೇ ಬಣ್ಣ ಬಳಿದಿತ್ತು. ಮುದುಕನ ಮುಖ ಕಿವಿಯವರೆಗೆ ಕೆಂಪೇರಿತು. ರಷ್ಯ ನನ್ನ ಊರನ್ನು ನುಂಗಿತು, ಹೆಸರನ್ನು ನುಂಗಲು ನಾನು ಬಿಟ್ಟಿಲ್ಲ, ಎಂದ. ಮನೆ ಮಾತ್ರ ಕೊಟ್ಟ. ಎಷ್ಟೋ ತಿಂಗಳಿಂದ ಅದು ಖಾಲಿ ಬಿದ್ದಿತ್ತು, ಯಾಕೆಂದು ನಮಗೆ ಆಮೇಲೆ ಅರ್ಥವಾಯಿತು.

ಅತ್ತೆ ಕಾರಿನ ಗಾಜು ಇಳಿಸಿಕೊಂಡು ಎಲ್ಲವನ್ನೂ ನೋಡುತ್ತಿದ್ದರು. ಅದೇನು ಅಷ್ಟು ಹೊತ್ತು ಮಾತಾಡಿದ ಎಂದು ಕೇಳಿದರು. ಅವನ ಹೆಸರಿನ ಅರ್ಥ ದೇವರ ದಯೆಯಂತೆ, ಎಂದೆ. ಅತ್ತೆ ಅವನ ಮುಖವನ್ನೊಮ್ಮೆ ನೋಡಿ, ಅವರಪ್ಪ ಅಮ್ಮ ಏನೋ ಆಸೆಪಟ್ಟು ಇಟ್ಟಿದ್ದಾರೆ ಪಾಪ, ಎಂದರು.

ಈಗ ನಮ್ಮ ಮನೆಯ ಹೆಸರುಗಳ ವಿಷಯ. ನಮ್ಮ ಮನೆಯಲ್ಲಿ ಯಾರೂ ಯಾರ ಹೆಸರನ್ನೂ ಹೇಳುವ ಹಾಗಿರಲಿಲ್ಲ. ಅತ್ತೆ ಜನ್ಮದಲ್ಲಿ ಮಾವನ ಹೆಸರು ಹೇಳಿದವರಲ್ಲ. ಮದುವೆಯಲ್ಲಿ ಒಗಟು ಕಟ್ಟಿ ಹೇಳಿಸಿದರಂತೆ, ಅದೇ ಕೊನೆ. ನನಗೆ ಮಗ ಹುಟ್ಟಿದಾಗ ಮಾವನ ಹೆಸರನ್ನೇ ಇಟ್ಟೆವು. ಇಟ್ಟದ್ದು ಸರಿ, ಕರೆಯುವವರು ಯಾರು? ಅತ್ತೆಗೆ ಅದು ಗಂಡನ ಹೆಸರು. ನನಗೆ ಮಾವನ ಹೆಸರು. ನಮ್ಮವರಿಗೆ ಅಪ್ಪನ ಹೆಸರು, ಅಮ್ಮನ ಎದುರಿಗೆ ಹೇಳಿ ಮಗನನ್ನು ಗದರಿಸುವುದು ಹೇಗೆ? ಹಾಗಾಗಿ ಅವನು ಪುಟ್ಟು ಆದ. ಎಷ್ಟೋ ಮನೆಗಳಲ್ಲಿ ಹೀಗೇ ಇರುತ್ತದೆ. ಇದರಲ್ಲಿ ವಿಚಿತ್ರ ಏನಾದರೂ ಇದೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

ನಾವು ಹೋಗಿ ಕೆಲವು ವಾರಗಳಾಗಿರಬೇಕು. ಬೇಲಿಯ ಆ ಕಡೆಯಿಂದ ಮುದುಕ ಅತ್ತೆಯನ್ನು, ಹುಡುಗನ ಹೆಸರೇನು ಎಂದು ಕೇಳಿದ. ಅತ್ತೆಗೆ ಅಷ್ಟು ಇಂಗ್ಲಿಷು ತಿಳಿಯುತ್ತಿತ್ತು. ಪುಟ್ಟು, ಎಂದರು. ಅವನು ತಲೆ ಆಡಿಸಿದ. ಮರುದಿನ ಶಾಲೆಯ ಮುಂದೆ ಹಾದುಹೋಗುವಾಗ ಟೀಚರು ಮಗನನ್ನು ಅವನ ನಿಜವಾದ ಹೆಸರಿನಿಂದ ಕರೆದದ್ದು ಮುದುಕನ ಕಿವಿಗೆ ಬಿತ್ತು. ಸಂಜೆ ನಾನು ಕೆಲಸದಿಂದ ಬಂದು ಇನ್ನೂ ಶೂ ಬಿಚ್ಚಿರಲಿಲ್ಲ, ಬಾಗಿಲು ಬಡಿದ.

ನಿನ್ನ ಅತ್ತೆ ನನಗೆ ಸುಳ್ಳು ಹೆಸರು ಹೇಳಿದಳು, ಎಂದ. ನಾನು ವಿವರಿಸಿದೆ. ಅದು ಅವರ ಗಂಡನ ಹೆಸರು, ಅದಕ್ಕೇ ಹೇಳುವುದಿಲ್ಲ, ಎಂದೆ. ಯಾಕೆ, ಗಂಡನ ಬಗ್ಗೆ ನಾಚಿಕೆಯೇ, ಎಂದು ಕೇಳಿದ. ನನ್ನ ಮೈ ಉರಿದುಹೋಯಿತು. ಇಲ್ಲ, ಗೌರವ, ಎಂದೆ. ಅವನು ಒಪ್ಪಲಿಲ್ಲ. "ನಮ್ಮೂರಿನಲ್ಲಿ ಬಂದೂಕು ಹಿಡಿದು ಬಂದವರಿಗೆ ಸುಳ್ಳು ಹೆಸರು ಹೇಳುತ್ತಿದ್ದೆವು. ಪಕ್ಕದ ಮನೆಯವನಿಗೆ ಅಲ್ಲ" ಎಂದ. ನಾನು ಅವನ ಮುಖದ ಮೇಲೆ ಬಾಗಿಲು ಹಾಕಿದೆ. ಇವತ್ತಾದರೂ ಅದೇ ಮಾಡುತ್ತೇನೆ.

ಅಂದಿನಿಂದ ಅವನು ಮಗನನ್ನು 'ಏ ಹುಡುಗ' ಎಂದು ಕರೆಯತೊಡಗಿದ.

ಆಮೇಲೆ ಮೊದಲ ಜೂನ್ ಬಂತು. ಒಂದು ಮಧ್ಯಾಹ್ನ ಮುದುಕ ಮುಂದಿನ ಓಕ್ ಮರದಿಂದ ಕೊಂಬೆಗಳನ್ನು ಕಡಿದು ತನ್ನ ಗೇಟಿನ ಎರಡೂ ಕಡೆ ಕಟ್ಟಿದ. ವರಾಂಡದಲ್ಲಿ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ. ಹಸಿರು ಸೊಪ್ಪು ನೋಡಿ ಅತ್ತೆಯ ಮುಖ ಅರಳಿತು. ತೋರಣ ಕಟ್ಟಿದ್ದಾನೆ, ಏನೋ ಶುಭಕಾರ್ಯ ಇರಬೇಕು, ಎಂದರು. ಪಕ್ಕದ ಮನೆಯವರನ್ನು ಕರೆಯದೆ ಇರುತ್ತಾನೆಯೇ ಎಂದು ಒಳ್ಳೆಯ ಸೀರೆ ಉಟ್ಟು, ಬಾಗಿಲ ಕಡೆ ಕಿವಿಯಿಟ್ಟು ಕೂತರು. ಕರೆಯಲಿಲ್ಲ. ಒಂದು ಮಾತೂ ಇಲ್ಲ. ನಾನು ಮತ್ತು ನಮ್ಮವರು ಗ್ರೋಸರಿ ಚೀಲಗಳನ್ನು ಹೊತ್ತು ಅವನ ಗೇಟಿನ ಮುಂದೆಯೇ ಎರಡು ಸಲ ಓಡಾಡಿದೆವು. ಅವನು ಮೇಜಿನ ಮುಂದೆ ಕೂತು ನಮ್ಮನ್ನು ದುರುಗುಟ್ಟಿ ನೋಡಿದ. ಕತ್ತಲಾಗುವವರೆಗೂ ಅವನ ಮನೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಯಾರೋ ನೆಂಟರು ಕೈಕೊಟ್ಟಿರಬೇಕು ಎಂದುಕೊಂಡೆ. ಒಳಗೊಳಗೇ ಖುಷಿಪಟ್ಟೆ. ಅತ್ತೆ ಸೀರೆ ಬದಲಾಯಿಸುತ್ತ, ಹಸಿರು ಕಟ್ಟಿ ಪಕ್ಕದವರನ್ನು ಕರೆಯದ ಮನೆಯನ್ನು ನಾನು ನೋಡೇ ಇಲ್ಲ, ಎಂದರು. ಆ ಅವಮಾನ ಅವರ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಮಾರನೆಯ ದಿನದಿಂದ ಯುದ್ಧವೇ. ಬೆಳಗ್ಗೆ ಅತ್ತೆ ಬಾಗಿಲಲ್ಲಿ ಇಟ್ಟ ರಂಗೋಲಿಯನ್ನು ಅವನು ಪೈಪು ಹಿಡಿದು ತೊಳೆದುಹಾಕಿದ. ಅತ್ತೆ ಮತ್ತೆ ಇಟ್ಟರು, ಅವನು ಮತ್ತೆ ತೊಳೆದ. ಹಿತ್ತಲಿನ ನಲ್ಲಿಯನ್ನು ಹೇಳದೆ ಕೇಳದೆ ಬಂದ್ ಮಾಡಿದ. ನಾನು ರಜೆಯ ದಿನ ಅವನು ಹೊರಗೆ ಪೇಪರು ಓದುತ್ತ ಕೂರುವುದನ್ನೇ ಕಾದು, ಕಿಟಕಿ ತೆರೆದು ಒಣಮೆಣಸಿನಕಾಯಿ ಹುರಿಯುತ್ತಿದ್ದೆ. ಆ ಘಾಟಿಗೆ ಅವನು ಕೆಮ್ಮಿ ಕೆಮ್ಮಿ ಒಳಗೆ ಓಡುವುದನ್ನು ನೋಡುವುದೇ ನನ್ನ ವಾರದ ಮನರಂಜನೆ. ಅತ್ತೆ ಮೊಮ್ಮಗನಿಗೆ ದೃಷ್ಟಿ ತೆಗೆದ ಉಪ್ಪು ಮೆಣಸಿನಕಾಯಿಯನ್ನು ಮೂರು ದಾರಿ ಕೂಡುವ ಕಡೆಯೇ ಹಾಕಬೇಕು ಅನ್ನುವವರು. ನಮ್ಮ ಬೀದಿಯಲ್ಲಿ ಮೂರು ದಾರಿ ಕೂಡುತ್ತಿದ್ದದ್ದು ಸರಿಯಾಗಿ ಅವನ ಗೇಟಿನ ಎದುರಿಗೆ. ವಾರವಾರ ಉಪ್ಪು ಮೆಣಸಿನಕಾಯಿ ಗುಡಿಸುತ್ತ ಅವನು ನಮ್ಮ ಕಿಟಕಿಯ ಕಡೆ ನೋಡಿ ಹಲ್ಲು ಕಡಿಯುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಜಗಳ ಕಳೆಯದು. ಶನಿವಾರ ಶನಿವಾರ ಹುಲ್ಲು ಕತ್ತರಿಸಿ ಅಂಗಳವನ್ನು ನುಣ್ಣಗೆ ಇಡುತ್ತಿದ್ದ ಆ ಮನುಷ್ಯ, ಬೇಲಿಯ ಉದ್ದಕ್ಕೂ ಒಂದು ಪಟ್ಟಿಯನ್ನು ಮಾತ್ರ ಚಳಿಗಾಲ ಮುಗಿದ ಮೇಲೆ ಮುಟ್ಟುತ್ತಿರಲಿಲ್ಲ. ಅಲ್ಲಿ ಹಳದಿ ಹೂವಿನದು, ಮುಳ್ಳಿನದು, ಹೆಸರಿಲ್ಲದ್ದು ಎಲ್ಲ ಸೊಂಟದೆತ್ತರ ಬೆಳೆದು, ಬೀಜ ಹಾರಿ ಅತ್ತೆಯ ದಂಟಿನ ಸೊಪ್ಪಿನ ಪಾತಿಗೆ ಬೀಳುತ್ತಿತ್ತು. ಅತ್ತೆ ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಕೂತು ಕೀಳುತ್ತ, ಅವನ ವಂಶವನ್ನೆಲ್ಲ ಬೈಯುತ್ತಿದ್ದರು. ಕತ್ತರಿಸಿ ಎಂದು ನಾನು ಹೇಳಿದರೆ, ಅದು ಕಳೆಯಲ್ಲ, ಜೂನ್‌ಗೆ ಬೇಕು, ಎಂದು ಒಳಗೆ ಹೋದ. ಕಳೆ ಜೂನ್‌ಗೆ ಯಾಕೆ ಬೇಕು ಎಂದು ಕೇಳುವಷ್ಟು ಸಲಿಗೆ ನಮ್ಮಲ್ಲಿರಲಿಲ್ಲ.

ಎರಡನೆಯ ಜೂನ್ ಶುರುವಾದ ಕೂಡಲೇ ಬಾಗಿಲಿಗೆ ಬಂದು, ತಿಂಗಳ ಕೊನೆಗೆ ಮನೆ ಬಿಡಿ, ಎಂದ. ನಮ್ಮವರು ಕಾರಣ ಕೇಳಿದರು. ಹೆಸರು ಬಚ್ಚಿಡುವವರ ಜೊತೆ ಒಂದೇ ಸೂರಿನ ಕೆಳಗೆ ನನಗೆ ನಿದ್ದೆ ಬರುವುದಿಲ್ಲ, ಎಂದ. ನಮ್ಮವರು ತಾಳ್ಮೆಯ ಮನುಷ್ಯ, ಇನ್ನೊಂದು ತಿಂಗಳಾದರೂ ಕೊಡಿ ಎಂದು ಬೇಡಿಕೊಂಡರು. ನನಗೆ ಅವರು ಬೇಡಿಕೊಂಡದ್ದನ್ನು ನೋಡಲಾಗಲಿಲ್ಲ. ಸಿಕ್ಕಿದ ಮನೆಗಳೆಲ್ಲ ಮಹಡಿಯ ಮೇಲಿನವು, ಇಲ್ಲವೇ ಶಾಲೆಯಿಂದ ದೂರದವು. ಅತ್ತೆ ತಮ್ಮ ಕರಿಬೇವಿನ ಗಿಡವನ್ನು ನಮ್ಮವರ ಸ್ನೇಹಿತರ ಮನೆಗೆ ಕೊಟ್ಟುಬಿಟ್ಟರು. ಯಾರೂ ಕೇಳದೆ ಅವರೇ ಟಿಕೀಟಿನ ಮಾತು ತೆಗೆದರು. ನಾನು ಮ್ಯಾನೇಜರಿಗೆ, ಬರುವ ತಿಂಗಳಿಂದ ಬರಲಾಗದಿರಬಹುದು, ಎಂದು ಹೇಳಿ ಬಂದು ಕಾರಿನಲ್ಲಿ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ.

ಹೀಗಿರುವಾಗ, ಹಗಲು ಅತಿ ಉದ್ದವಾಗಿರುವ ಆ ದಿನಗಳಲ್ಲಿ ಒಂದು ಸಂಜೆ, ನಾನು ಅಡಿಗೆಮನೆಯ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದೆ. ನಮ್ಮವರು ಇನ್ನೂ ಬಂದಿರಲಿಲ್ಲ. ಹೊರಗೆ ಬಿಸಿಲು ಇನ್ನೂ ಇತ್ತು. ಕಸ ಹಾಕಲು ಹೋದ ಅತ್ತೆ ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತರು. ಮತ್ತೆ ಕಟ್ಟಿದ್ದಾನೆ, ಎಂದರು. ಇಣುಕಿ ನೋಡಿದೆ. ಅವನ ಗೇಟಿನ ಎರಡೂ ಕಂಬಗಳಿಗೆ ಓಕ್ ಕೊಂಬೆಗಳು. ಈ ಸಲ ಬೇಲಿಯ ಪಕ್ಕದ ಆ ದರಿದ್ರ ಕಳೆಗಳನ್ನೂ ಕಿತ್ತು, ಗೊಂಚಲು ಮಾಡಿ ಸಿಕ್ಕಿಸಿದ್ದ. ನಮ್ಮನ್ನು ಬೀದಿಗೆ ಹಾಕುವ ಸಂಭ್ರಮಕ್ಕೆ ತೋರಣ ಕಟ್ಟಿದ್ದಾನೆ ಎಂದೇ ಅತ್ತೆಗೆ ಅನ್ನಿಸಿತು. ನನಗೂ ಹಾಗೇ ಅನ್ನಿಸಿತು.

ಅತ್ತೆ ಬುಟ್ಟಿ ಕೆಳಗಿಟ್ಟರು. ಸೀರೆಯ ಮೇಲೆ ನಮ್ಮವರ ಹಳೆಯ ಸ್ವೆಟರು, ಕಾಲಿಗೆ ಬಿಳಿ ಟೆನಿಸ್ ಶೂ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಡೆದುಹೋಗಿ ಅವನ ಗೇಟಿನ ಎದುರಿಗೆ ನಿಂತರು. ನಾನು ಹಿಂದೆ ಓಡಿದೆ.

"ಯಾನಿಸ್" ಎಂದರು. "ಬಾರೋ ಈಚೆಗೆ."

ನಾನು ಆ ಮನೆಗೆ ಸೊಸೆಯಾಗಿ ಬಂದಮೇಲೆ ಅತ್ತೆಯ ಬಾಯಲ್ಲಿ ಒಬ್ಬ ಗಂಡಸಿನ ಹೆಸರು ಬಂದದ್ದನ್ನು ಕೇಳಿದ್ದು ಅದೇ ಮೊದಲು. ಹಿರಿಯನೊಬ್ಬನನ್ನು ಹೆಸರು ಹಿಡಿದು, ಏಕವಚನದಲ್ಲಿ, ಅವನ ಬಾಗಿಲಲ್ಲೇ ನಿಂತು ಕರೆಯುವುದಕ್ಕಿಂತ ದೊಡ್ಡ ಬೈಗುಳ ಅವರ ಹತ್ತಿರ ಇರಲಿಲ್ಲ. ಅವತ್ತು ಅದನ್ನು ತೆಗೆದರು. ಅದೂ ದೀರ್ಘ, ಒತ್ತು ಎಲ್ಲ ಸರಿಯಾಗಿ. ಕಾರಿನ ಕಿಟಕಿಯಿಂದ ಕೇಳಿಸಿಕೊಂಡದ್ದನ್ನು ಅಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ನಮ್ಮ ಕಡೆಯ ಮದುವೆಗಳಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಕೂರಿಸಿಕೊಂಡು ಹಂಗಿಸುವ ಬೀಗರ ಹಾಡು ಹೇಳುತ್ತಾರಲ್ಲ, ಅದರಲ್ಲಿ ಅತ್ತೆ ಎತ್ತಿದ ಕೈ. ಅವರ ನಾಲಿಗೆಗೆ ಹೆದರಿ ಬೀಗಿತ್ತಿಯರು ಊಟದ ಪಂಕ್ತಿಯ ಕೊನೆಗೆ ಹೋಗಿ ಕೂರುತ್ತಿದ್ದರಂತೆ. ಸಿಟ್ಟಿನಲ್ಲಿ ಅವರಿಗೆ ಬೇರೇನೂ ಹೊಳೆಯಲಿಲ್ಲವೋ ಏನೋ, ಆ ಧಾಟಿಯನ್ನೇ ಎತ್ತಿಕೊಂಡರು. ಪದ ಮಾತ್ರ ನಿಂತಲ್ಲೇ ಕಟ್ಟಿದ್ದು.

ಗೇಟಿಗೆ ಸೊಪ್ಪು ಕಟ್ಟಿದೆಯಲ್ಲೋ ಯಾನಿಸಾ
ಬನ್ನಿ ಅನ್ನೋಕೆ ಬಾಯಿಲ್ವೇನೋ ಯಾನಿಸಾ
ಬೇಲಿ ತುಂಬ ಕಳೆ ಸಾಕಿದೆಯಲ್ಲೋ ಯಾನಿಸಾ
ಕೀಳೋದಕ್ಕೆ ಕೈಯಿಲ್ವೇನೋ ಯಾನಿಸಾ

ಬಾಗಿಲು ತೆರೆಯಿತು. ಮುದುಕ ಹೊರಗೆ ಬಂದ. ತಲೆಗೆ ಓಕ್ ಎಲೆಯ ದೊಡ್ಡ ಬಳೆಯಂಥದನ್ನು ಹಾಕಿಕೊಂಡಿದ್ದ. ಕಿವಿಯ ಮೇಲೆಲ್ಲ ಎಲೆ. ನೋಡಿದರೆ ನಗು ಬರಬೇಕು, ನನಗೆ ಬರಲಿಲ್ಲ. ಈಗ ಪೊಲೀಸರಿಗೆ ಫೋನು ಮಾಡುತ್ತಾನೆ ಎಂದುಕೊಂಡೆ. ಎದುರು ಮನೆಯವರು ಆಗಲೇ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದರು. ಅತ್ತೆಯ ತೋಳು ಹಿಡಿದು ಎಳೆದೆ. ಅವರು ಕೊಡವಿಕೊಂಡು ಇನ್ನೊಂದು ನುಡಿ ಹೇಳಿದರು.

ದೇವರ ದಯೆ ಅಂತ ಹೆಸರಿಟ್ಟರಲ್ಲೋ ಯಾನಿಸಾ
ನಿನ್ನ ಮನೆತನಕ ಬರಲಿಲ್ವೇನೋ ಯಾನಿಸಾ

ಮುದುಕ ಕೈಕಟ್ಟಿ ನಿಂತು ಪೂರ್ತಿ ಕೇಳಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ಒಡೆದ ದನಿಯಲ್ಲಿ ತನ್ನ ಭಾಷೆಯಲ್ಲಿ ಹಾಡತೊಡಗಿದ. ಅರ್ಥವಾಗದಿದ್ದರೂ ಬೈಗುಳ ಎಂದು ಯಾರಿಗಾದರೂ ತಿಳಿಯುವಂತಿತ್ತು. ಅತ್ತೆಯ ಬದನೆ ಗಿಡದ ಕಡೆ ಬೆರಳು ಮಾಡಿದ, ಅವರ ಶೂ ಕಡೆ ಮಾಡಿದ, ಕೊನೆಗೆ ನನ್ನ ಕಡೆಯೂ ಮಾಡಿದ. ಸಾಲಿನ ಕೊನೆಗೆಲ್ಲ ಒಂದೇ ಪದ ಬರುತ್ತಿತ್ತು, ಅತ್ತೆಯ ಹಾಡಿನಲ್ಲಿ ಅವನ ಹೆಸರು ಬಂದ ಹಾಗೆ. ಅತ್ತೆ ಬಿಡುವವರೇ? ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಇವರು ಹಿಡಿದರು, ಇವರು ನಿಂತಾಗ ಅವನು. ಇಬ್ಬರು ಮುದುಕರು ಗೇಟಿನ ಆಚೆ ಈಚೆ ನಿಂತು ಬೀದಿಯ ನಡುವೆ ಒಬ್ಬರನ್ನೊಬ್ಬರು ಹಂಗಿಸುತ್ತಿದ್ದರೆ, ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಕೊನೆಗೆ ಅವನು ಗೇಟು ತೆರೆದ. "ಕೊನೆಗೂ ಬಂದಳು" ಎಂದು ನನಗೆ ಹೇಳಿದ. "ಹೋದ ವರ್ಷವೇ ಬರಬೇಕಿತ್ತು ಎಂದು ಹೇಳು."

ಆಗ ಸಿಡುಕುತ್ತಲೇ ವಿಷಯ ಹೇಳಿದ. ಅವರ ನಾಡಿನಲ್ಲಿ ಹೆಸರಿಗೆ ಒಂದೊಂದು ದಿನ ಇರುತ್ತದೆ. ಯಾನಿಸ್‌ಗಳ ದಿನ ಈ ಉದ್ದ ಹಗಲಿನ ಹೊತ್ತಿಗೇ ಬರುತ್ತದೆ, ಹಬ್ಬ ಅದರ ಹಿಂದಿನ ಸಂಜೆಯಿಂದಲೇ. ಯಾನಿಸ್ ಯಾರನ್ನೂ ಕರೆಯಬಾರದು. ಗೇಟಿಗೆ ಹಸಿರು ಕಟ್ಟಿ, ಕಾಡುಸೊಪ್ಪು ಸಿಕ್ಕಿಸಿ, ಗಿಣ್ಣಿನಂಥ ಚೀಸು ಮಾಡಿಟ್ಟು ಕಾಯಬೇಕು. ಅವನ ಹೆಸರು ಗೊತ್ತಿರುವವರು ತಾವಾಗಿಯೇ ಬರಬೇಕು, ಬಂದು ಗೇಟಿನಲ್ಲಿ ನಿಂತು, ಕಳೆ ಕಿತ್ತಿಲ್ಲ, ಬಾಗಿಲು ತೆರೆಯಲಿಲ್ಲ ಎಂದು ಹಾಡು ಕಟ್ಟಿ ಬೈಯಬೇಕು. ಮನೆಯವನು ತಿರುಗಿ ಬೈದು ಒಳಗೆ ಕರೆಯಬೇಕು. ಹೆಂಡತಿ ಇದ್ದಾಗ ಅವಳೇ ಗೇಟಿನಾಚೆ ನಿಂತು ಹಾಡುತ್ತಿದ್ದಳು. ಅವಳು ಹೋದ ಮೇಲೆ ಯಾರೂ ಬಂದಿಲ್ಲ. ಈ ಬೀದಿಯಲ್ಲಿ ಅವನ ಹೆಸರನ್ನು ಸರಿಯಾಗಿ ಕಲಿತದ್ದು ನಾವು ಮಾತ್ರ, ಅವನೇ ಕಲಿಸಿದ್ದ. ಕಲಿತವರು ಚೀಲ ಹೊತ್ತು ಮುಂದೆಯೇ ಹಾದುಹೋದೆವು.

ಅತ್ತೆಗೆ ಹೇಳಿದೆ. ಅವರು ಒಂದಿಷ್ಟೂ ಕರಗಲಿಲ್ಲ. "ಕರೀದೆ ಯಾರ ಮನೆಗೆ ಯಾರು ಹೋಗ್ತಾರೆ? ನಾಯಿ ಹೋಗತ್ತೆ" ಎಂದರು. ಇದನ್ನು ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, ಹೇಳುವುದರಲ್ಲಿ ನನಗೆ ಸುಖವಿತ್ತು. ಕರೆಸಿಕೊಂಡು ಬರುವವನು ನೆಂಟನಲ್ಲ, ಕೂಲಿಯವನು, ಎಂದ ಅವನು. ಚೀಸಿನ ತಟ್ಟೆ ತಂದ. ದುಂಡಗೆ, ಹಳದಿಯಾಗಿ, ಮೇಲೆ ಜೀರಿಗೆಯ ಹಾಗೆ ಏನೋ. ಮೊಟ್ಟೆ ಹಾಕಿದ್ದಾನಾ ಕೇಳು, ಎಂದರು ಅತ್ತೆ. ಹಾಕಿದ್ದ. ಅತ್ತೆ ತಟ್ಟೆಯನ್ನು ಹಿಂದಕ್ಕೆ ದೂಡಿದರು. ಅವನ ಮುಖ ಮತ್ತೆ ಗಂಟಾಯಿತು. ನಾನೂ ಮುಟ್ಟಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ ಮಾತು. ಮನೆ ಏನಾಯಿತು, ಇರಬಹುದೋ ಬಿಡಬೇಕೋ, ಎಂದು ನೇರವಾಗಿ ಕೇಳಿದೆ.

"ಆ ಹುಡುಗನ ಹೆಸರು. ಅವಳ ಬಾಯಿಂದ" ಎಂದ.

ನಿನಗೆ ಗೊತ್ತಿದೆಯಲ್ಲ, ಎಂದೆ. ಗೊತ್ತು, ಆದರೆ ಕೊಡದ ಹೆಸರನ್ನು ನಾನು ಕರೆಯುವುದಿಲ್ಲ, ಅವಳು ನನ್ನದನ್ನು ಕರೆದಳು, ಅವಳದನ್ನು ಕೊಡಲಿ, ಎಂದ. ಒಬ್ಬ ವಿಧವೆಯ ಗಂಡನ ಹೆಸರನ್ನು ಬಾಡಿಗೆಗೆ ಒತ್ತೆ ಕೇಳುವ ಮನುಷ್ಯ. ನಾನು ಅವನಿಗೆ ಇಂಗ್ಲಿಷಿನಲ್ಲಿ ಏನೆಂದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ. ಕೆಲಸ ಹಾಳಾಗಿಹೋಗಲಿ, ಬನ್ನಿ ಅತ್ತೆ, ಎಂದು ತಿರುಗಿದೆ. ಅತ್ತೆ ಕದಲಲಿಲ್ಲ. ಅವನು ಏನು ಕೇಳಿದ ಎಂದು ನನ್ನನ್ನು ಕೇಳಿದರು. ಹೇಳಬಾರದು ಎಂದುಕೊಂಡೆ, ಆದರೆ ಅವರು ಕೇಳಿದ ರೀತಿಗೆ ಹೇಳಿದೆ.

ಅತ್ತೆ ಸೊಂಟದ ಸೆರಗನ್ನು ಬಿಚ್ಚಿ ಮೈತುಂಬ ಹೊದ್ದುಕೊಂಡರು. ನೆಲ ನೋಡುತ್ತ ಸಣ್ಣಗೆ ಹೇಳಿದರು. ಅವನು ಕಿವಿಗೆ ಕೈ ಇಟ್ಟು, ಕೇಳಿಸಲಿಲ್ಲ, ಎಂದ. ಆ ಕೈಯನ್ನು ಅಲ್ಲೇ ಮುರಿಯಬೇಕು ಅನ್ನಿಸಿತ್ತು ನನಗೆ. ಅತ್ತೆ ತಲೆ ಎತ್ತಿ, ಅವನ ಕಣ್ಣನ್ನೇ ನೋಡುತ್ತ, ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮಾವನ ಹೆಸರು, ನಾನೂ ಹೇಳುವ ಹಾಗಿಲ್ಲ.

ಮುದುಕ ಅದನ್ನು ತಿರುಗಿ ಹೇಳಿದ. ಮೊದಲ ಸಲ ಎಡವಿದ, ಎರಡನೆಯ ಸಲ ಮಹಾಪ್ರಾಣ ಸಮೇತ ಸರಿಯಾಗಿ ಹೇಳಿದ. ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದ. ಅತ್ತೆ ಮನೆಗೆ ಬಂದು ಸ್ನಾನ ಮಾಡಿ ದೇವರ ಮುಂದೆ ಕೂತರು. ನಾನು ಡಬ್ಬಿಗಳನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಶೆಲ್ಫಿನಲ್ಲಿ ಇಟ್ಟೆ.

ಮನೆ ಉಳಿಯಿತು, ನನ್ನ ಕೆಲಸ ಉಳಿಯಿತು. ಅವನಿಗೆ ನಾನು ಕೃತಜ್ಞಳಾಗಬೇಕು ಎಂದು ನಮ್ಮವರು ಒಮ್ಮೆ ಹೇಳಿ ನೋಡಿದರು. ನಾನು ಆಗಲಿಲ್ಲ. ದೇವರು ದಯಾಮಯನೇ ಇರಬಹುದು, ಅವನ ಹೆಸರಿಟ್ಟುಕೊಂಡ ಈ ಪ್ರಾಣಿ ಅಲ್ಲ. ಅವನು ಬದಲಾಗಲೂ ಇಲ್ಲ. ರಂಗೋಲಿ ತೊಳೆಯುವುದು ಮುಂದುವರಿಯಿತು, ನಾನು ಮೆಣಸಿನಕಾಯಿ ಹುರಿಯುವುದೂ ಮುಂದುವರಿಯಿತು. ಮಾರನೆಯ ಜೂನ್‌ನಲ್ಲಿ ಅತ್ತೆ ಹೋಗಿ ಮತ್ತೆ ಬೈದು ಬಂದರು, ಅದೂ ವ್ರತದ ಹಾಗೆ ತಪ್ಪದೆ. ಬದಲಾದದ್ದು ಇಷ್ಟೇ: ಅವನು ಈಗ ಮಗನನ್ನು ಹೆಸರು ಹಿಡಿದು ಬೈಯತೊಡಗಿದ. ಬೆಳಗ್ಗೆ ಹುಡುಗ ಅಂಗಳಕ್ಕೆ ಇಳಿದರೆ ಸಾಕು, ಗೇಟು ಹಾಕಲಿಲ್ಲ, ಚೆಂಡು ಈ ಕಡೆ ಬಂತು, ಸೈಕಲ್ಲು ದಾರಿಯಲ್ಲಿ ಬಿಟ್ಟಿದ್ದೀಯ ಎಂದು, ಮಾವನ ಪೂರ್ತಿ ಹೆಸರನ್ನು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ.

ನಾನು ಬೆಳಗ್ಗೆ ಮನೆಯಲ್ಲಿರುತ್ತಿದ್ದದ್ದು ರಜೆಯ ದಿನ ಮಾತ್ರ. ಅಂಥ ಒಂದು ದಿನ ಆ ಕೂಗು ಶುರುವಾಯಿತು. ಪಾತ್ರೆ ತೊಳೆಯುತ್ತಿದ್ದ ಅತ್ತೆ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಕಿಟಕಿಯ ಹತ್ತಿರ ಹೋಗಿ ನಿಂತರು. ನನಗೆ ರೇಗಿತು. ಮಗುವನ್ನು ಹೀಗೆ ಹೆದರಿಸಬೇಡ ಎಂದು ಹೋಗಿ ಹೇಳಿ ಬರುತ್ತೇನೆ, ಎಂದು ಚಪ್ಪಲಿ ಮೆಟ್ಟಿದೆ.

"ಬೇಡ, ಬೈಲಿ ಬಿಡೇ" ಎಂದರು ಅತ್ತೆ, ನನ್ನ ಕಡೆ ತಿರುಗದೆ. "ಆ ಹೆಸರನ್ನ ಅಷ್ಟು ಗಟ್ಟಿಯಾಗಿ ಕರ್ಯೋರು ಇನ್ಯಾರಿದಾರೆ."

ಅವನು ಕೂಗಿ ಮುಗಿಸಿ ಒಳಗೆ ಹೋದ ಮೇಲೆ ಬಂದು ನಲ್ಲಿ ತಿರುಗಿಸಿದರು.